ಹಳೇ ಫ್ರಿಜ್ಜಿಗೂ ಒಂದು ನ್ಯಾಯ

ಹಳೇ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ತೆಗೆದುಕೊಳ್ಳುವುದರಲ್ಲಿ ನಮ್ಮ ಹೆಂಗಸರನ್ನು ಮೀರಿಸುವವರಿಲ್ಲ. ಜರಿ ಇನ್ನೂ ಮಾಸಿಲ್ಲ, ಎರಡು ಸಲ ಉಟ್ಟಿದ್ದಷ್ಟೆ, ಈ ಡಬ್ಬಿ ಸಾಲದು ಎಂದು ಅರ್ಧ ಗಂಟೆ ಜಗ್ಗಾಡುತ್ತೇವೆ. ಅದೇ ಎಕ್ಸ್‌ಚೇಂಜ್ ಮೇಳಕ್ಕೆ ಹೋದರೆ ಬಾಯಿಗೆ ಬೀಗ. ಅಂಗಡಿಯ ಹುಡುಗ ನಮ್ಮ ಫ್ರಿಜ್ಜಿನ ಮುಖವನ್ನೂ ನೋಡದೆ "ಎರಡು ಸಾವಿರ ಬೋನಸ್ ಮೇಡಂ" ಎಂದರೆ ಸಂತೋಷದಿಂದ ತಲೆಯಾಡಿಸುತ್ತೇವೆ.

ಬೋನಸ್ಸೆಂದರೇನು? ಅದು ನಮ್ಮ ಸಾಮಾನಿನ ಬೆಲೆ. ಕಾನೂನೂ ಹಾಗೇ ಹೇಳುತ್ತದೆ. 2017ರ ಜಿ.ಎಸ್.ಟಿ. ನಿಯಮಗಳಲ್ಲಿ 27ನೆಯದಕ್ಕೆ ಕೊಟ್ಟಿರುವ ಉದಾಹರಣೆಯೇ ಹಳೇ ಫೋನಿನದು. ಹಳೆಯದನ್ನು ಪಡೆದು ಹೊಸ ಫೋನನ್ನು 20,000 ರೂಪಾಯಿಗೆ ಕೊಟ್ಟರೂ, ಹಳೆಯದಿಲ್ಲದೆ ಅದರ ಬೆಲೆ 24,000 ಆಗಿದ್ದರೆ, ಮೌಲ್ಯ 24,000 ಎಂದೇ ಲೆಕ್ಕ. ಅಂದರೆ ಆ ನಾಲ್ಕು ಸಾವಿರ ಅಂಗಡಿಯವನ ಔದಾರ್ಯವಲ್ಲ, ನಾವು ತೆತ್ತದ್ದು. ಆದ್ದರಿಂದ ಮೊದಲು ಕೇಳಬೇಕಾದ ಮಾತು, "ಹಳೆಯದು ಕೊಡದಿದ್ದರೆ ಎಷ್ಟು?" ಪಕ್ಕದ ಅಂಗಡಿಯಲ್ಲೂ ಅದನ್ನೇ ಕೇಳಿ. ಎಷ್ಟೋ ಸಲ ಬೋನಸ್ಸಿನ ಬಣ್ಣ ಅಲ್ಲೇ ಬಯಲಾಗುತ್ತದೆ.

ನಾನು ಹಾಕುವ ಲೆಕ್ಕ ಸರಳ. ನಾವು ಆಗ ಕೊಟ್ಟ ದುಡ್ಡನ್ನು ಮರೆಯಬೇಕು. ಅಷ್ಟೇ ಅಳತೆಯ ಹೊಸದು ಇವತ್ತು ಎಷ್ಟಕ್ಕೆ ಸಿಗುತ್ತದೆ ನೋಡಬೇಕು. ಅದು 18,000 ಎನ್ನಿ. ಹನ್ನೆರಡು ವರ್ಷ ಬಾಳುವ ಫ್ರಿಜ್ಜನ್ನು ಆರು ವರ್ಷ ಬಳಸಿದ್ದರೆ ಉಳಿದದ್ದು 9,000. ಬಾಗಿಲಿನ ರಬ್ಬರ್ ಸಡಿಲವಾಗಿದೆ, ರಿಪೇರಿಗೆ 1,000 ಕಳೆಯಿರಿ. ಗ್ಯಾರಂಟಿಯಿಲ್ಲ, ನಾಳೆ ಕೆಟ್ಟರೆ ಕೊಂಡವರ ಹಣೆಬರಹ. ಅದಕ್ಕೆ ಕಾಲು ಭಾಗ ಬಿಡಿ. 6,000 ಆಯಿತು. ಅಂಗಡಿಯವನಿಗೆ ಸಾಗಣೆಯ ಖರ್ಚಿದೆ, ಲಾಭವೂ ಬೇಕು; ಅವನು ನಾಲ್ಕು ಸಾವಿರ ಕೊಟ್ಟರೆ ಒಪ್ಪೋಣ. ಎರಡು ಸಾವಿರಕ್ಕೆ ಯಾಕೆ ಒಪ್ಪಬೇಕು? ಫೋನಿಗೆ ಮಾತ್ರ ಆಯುಸ್ಸು ಕಮ್ಮಿ. ಬ್ಯಾಟರಿ ಸೊರಗಿ, ಕಂಪನಿಯ ಅಪ್‌ಡೇಟ್ ನಿಂತ ಫೋನಿಗೆ ಗಾಜು ಎಷ್ಟು ಹೊಳೆದರೂ ಬೆಲೆಯಿಲ್ಲ.

"ಅಯ್ಯೋ, ಹಳೇದು ಮನೆಯಿಂದ ತೊಲಗಿದರೆ ಸಾಕು, ಲೆಕ್ಕ ಯಾಕೆ" ಎನ್ನುವವರಿದ್ದಾರೆ. ಇವರೇ ಅದನ್ನು ಮನೆಗೆಲಸದವಳಿಗೆ ಕೊಡುವಾಗ ಪೈಸೆ ಪೈಸೆ ಲೆಕ್ಕ ಹಾಕುವುದನ್ನು ನಾನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ಅಂಗಡಿಯವನಿಗೆ ಎರಡು ಸಾವಿರಕ್ಕೆ ಬಿಡುವ ಫ್ರಿಜ್ಜು ಅವಳಿಗೆ ಎಂಟು ಸಾವಿರ! ತಿಂಗಳಿಗೆ ಐನೂರರಂತೆ ಸಂಬಳದಲ್ಲಿ ಮುರಿದುಕೊಳ್ಳುವುದು. "ಪಾಪ, ಅವಳಿಗೂ ತಣ್ಣೀರು ಸಿಗಲಿ ಅಂತ" ಎಂಬ ಮಾತು ಬೇರೆ. ಅಮ್ಮಾವರು ಕೊಡುತ್ತೇನೆಂದಾಗ ಅವಳು ಬೇಡವೆನ್ನಲಾರಳು, ಕೆಲಸ ಕಳೆದುಕೊಳ್ಳುವ ಭಯ. ಬೇಡವೆನ್ನಲು ಬಾರದ ಕಡೆ ನಿಗದಿಯಾದದ್ದು ಬೆಲೆಯಲ್ಲ, ದಂಡ.

ಕರೆಂಟಿನ ಮಾತೂ ಇದೆ. ಫ್ರಿಜ್ಜಿನ ಮೇಲಿನ ನಕ್ಷತ್ರದ ಚೀಟಿಯಲ್ಲಿ ಅವಧಿ ಬರೆದಿರುತ್ತದೆ, ಓದಿ. ಅಳತೆಗೋಲು ಆಗಾಗ ಬಿಗಿಯಾಗುವುದರಿಂದ ಅಂದಿನ ಐದು ನಕ್ಷತ್ರ ಇಂದಿನ ಐದಲ್ಲ. ದಿನಕ್ಕೆ ಅರ್ಧ ಯೂನಿಟ್ ಹೆಚ್ಚು ಎಳೆದರೂ ವರ್ಷಕ್ಕೆ 180 ಯೂನಿಟ್ ದಾಟುತ್ತದೆ. ಯೂನಿಟ್ಟಿಗೆ ಆರು ರೂಪಾಯಿ ಎಂದರೂ ಸಾವಿರದ ಮೇಲಾಯಿತು. ಆರು ವರ್ಷಕ್ಕೆ ಫ್ರಿಜ್ಜಿನ ಬೆಲೆಯೇ ಹೋಯಿತು! ಇಂಥದ್ದಕ್ಕೆ ಅವಳಿಂದ ಆರು ಸಾವಿರ ಕೇಳುವುದೂ ಅನ್ಯಾಯವೇ. ಸುಮ್ಮನೆ ಕೊಡಿ, ಕೊಡುವ ಮುಂಚೆ ಬಿಲ್ಲು ಎಷ್ಟು ಏರುತ್ತದೆಂದು ಹೇಳಿ, ಬೇಡವೆಂದರೆ ಮುಖ ಸಿಂಡರಿಸಬೇಡಿ. ತೀರ ಕೆಟ್ಟದ್ದನ್ನು ದಾನದ ಹೆಸರಿನಲ್ಲಿ ದಾಟಿಸಲೂಬೇಡಿ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅದು ಸೇರಬೇಕಾದ್ದು ನೋಂದಾಯಿತ ಸಂಸ್ಕರಣಾ ಘಟಕಕ್ಕೆ, ಅವಳ ಗುಡಿಸಲಿಗಲ್ಲ.

ಜಗ್ಗಾಡುವ ನಾಲಗೆ ದೇವರು ನಮಗೆ ಕೊಟ್ಟಿದ್ದಾನೆ. ಅದನ್ನು ಹವಾನಿಯಂತ್ರಿತ ಅಂಗಡಿಯಲ್ಲಿ ಆಡಿಸೋಣ, ಹಿತ್ತಿಲ ಬಾಗಿಲಿನಲ್ಲಿ ಸ್ವಲ್ಪ ಸುಮ್ಮನಿರಿಸೋಣ.