ವೈಯಾವೃತ್ಯಕ್ಕೆ ಶಾಲು ಸಾಲದು

ಫ್ಲಾರೆನ್ಸ್ ನೈಟಿಂಗೇಲ್ ಜನಿಸಿದ ಮೇ 12ನ್ನು ಜಗತ್ತು ಶುಶ್ರೂಷಕಿಯರ ದಿನವೆಂದು ಆಚರಿಸುತ್ತದೆ. ಅಂದು ಆಸ್ಪತ್ರೆಗಳಲ್ಲಿ ಒಬ್ಬ ನರ್ಸನ್ನು ಆರಿಸಿ, ಶಾಲು ಹೊದಿಸಿ, ಫಲಕ ಕೊಟ್ಟು, ಆಕೆಯ ಕರುಣೆಯನ್ನೂ ನಾಯಕತ್ವವನ್ನೂ ಕೊಂಡಾಡುವುದು ವಾಡಿಕೆ. ಮರುದಿನ ಆಕೆ ಅದೇ ವಾರ್ಡಿಗೆ, ಅದೇ ಸಂಬಳಕ್ಕೆ, ಅಷ್ಟೇ ಮಂದಿ ಸಹೋದ್ಯೋಗಿಗಳ ನಡುವೆ ಮರಳುತ್ತಾಳೆ. ಈ ಗೌರವ ಯಾರಿಗೆ ಸಂದಿತು, ಶುಶ್ರೂಷಕಿಗೋ ಗೌರವಿಸಿದ ಸಂಸ್ಥೆಗೋ ಎಂದು ಕೇಳಬೇಕಾಗಿದೆ. ಆಸ್ಪತ್ರೆ, ಔಷಧಾಲಯಗಳನ್ನು ಕಟ್ಟಿಸುವುದರಲ್ಲಿ ಹೆಸರಾದ ಜೈನ ಸಮಾಜವಂತೂ ಈ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳಬೇಕು.

2013ರ ಫೆಬ್ರವರಿ 21ರ ಸಂಜೆ ಇಲ್ಲಿನ ದಿಲ್‌ಸುಖ್‌ನಗರದಲ್ಲಿ ಎರಡು ಬಾಂಬುಗಳು ಸಿಡಿದವು. ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಅವರನ್ನು ಮಲಕ್‌ಪೇಟೆ, ಕೊತ್ತಪೇಟೆಗಳ ಖಾಸಗಿ ಆಸ್ಪತ್ರೆಗಳಿಗೂ ಉಸ್ಮಾನಿಯಾ ಆಸ್ಪತ್ರೆಗೂ ಸಾಗಿಸಲಾಯಿತು. ಗಾಯಾಳುಗಳನ್ನು ನೋಡಲು ಬಂದ ನಾಯಕರ ಹೆಸರುಗಳು ಅಂದಿನ ಪತ್ರಿಕೆಗಳಲ್ಲಿವೆ. ಆ ರಾತ್ರಿಯ ಪಾಳಿಯಲ್ಲಿ ಗಾಯ ತೊಳೆದವರು, ಯಾರನ್ನು ಮೊದಲು ಶಸ್ತ್ರಚಿಕಿತ್ಸೆಗೆ ಸಜ್ಜುಗೊಳಿಸಬೇಕೆಂದು ಸಹೋದ್ಯೋಗಿಗಳಿಗೆ ಕೆಲಸ ಹಂಚಿದವರು ಯಾರೆಂಬುದು ಊರಿನ ನೆನಪಿನಲ್ಲಿಲ್ಲ.

ಶುಶ್ರೂಷೆಯ ಸ್ವರೂಪವೇ ಅಂಥದು. ಅದು ಒಬ್ಬರ ಸಾಹಸವಲ್ಲ, ಹಲವರ ಒಗ್ಗಟ್ಟಿನ ದುಡಿಮೆ. ಇದಕ್ಕೆ ಕನ್ನಡ ನಾಡಿನವರೇ ಆದ ಅರುಣಾ ಶಾನಭಾಗರ ಪ್ರಕರಣಕ್ಕಿಂತ ದೊಡ್ಡ ನಿದರ್ಶನವಿಲ್ಲ. ಉತ್ತರ ಕನ್ನಡದ ಹಳದಿಪುರದಿಂದ ಮುಂಬಯಿಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದ ಅವರ ಮೇಲೆ 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬ ದಾಳಿ ಮಾಡಿದ. ಮಿದುಳಿಗೆ ಪೆಟ್ಟಾದ ಅರುಣಾ 2015ರ ಮೇ 18ರಂದು ತೀರಿಕೊಳ್ಳುವವರೆಗೆ, ನಾಲ್ವತ್ತೊಂದು ವರ್ಷಗಳಿಗೂ ಹೆಚ್ಚು ಕಾಲ, ಹಾಸಿಗೆಯಲ್ಲೇ ಉಳಿದರು. ಅವರಿಗೆ ಉಣಿಸಿದವರು, ಮೈ ಒರೆಸಿದವರು, ಮಗ್ಗುಲು ಬದಲಿಸಿದವರು ಅಲ್ಲಿನ ಶುಶ್ರೂಷಕಿಯರು. ಒಂದು ತಲೆಮಾರು ನಿವೃತ್ತಿಯಾದಾಗ ಮುಂದಿನ ತಲೆಮಾರು ಆ ಹೊಣೆಯನ್ನು ಹೊತ್ತುಕೊಂಡಿತು. ಹಾಸಿಗೆ ತೆರವುಗೊಳಿಸಲು ಅರುಣಾರನ್ನು ಬೇರೆಡೆಗೆ ಕಳುಹಿಸಲು 1980ರ ದಶಕದಲ್ಲಿ ನಗರಪಾಲಿಕೆ ಯತ್ನಿಸಿದಾಗ ಪ್ರತಿಭಟಿಸಿ ತಡೆದವರೂ ಅವರೇ. ದಯಾಮರಣದ ಅರ್ಜಿಯನ್ನು 2011ರ ಮಾರ್ಚ್ 7ರಂದು ತಿರಸ್ಕರಿಸಿದ ಸರ್ವೋಚ್ಚ ನ್ಯಾಯಾಲಯ, ಅರುಣಾರ ಪರವಾಗಿ ಮಾತನಾಡುವ ಹಕ್ಕು ಇಷ್ಟು ವರ್ಷ ಸಾಕಿ ಸಲಹಿದ ಆ ಸಿಬ್ಬಂದಿಗೇ ಸೇರಿದ್ದೆಂದು ಹೇಳಿತು. ನಿವೃತ್ತರನ್ನೂ ಸೇರಿಸಿ ಅವರೆಲ್ಲರನ್ನು ಶ್ಲಾಘಿಸಿತು. ಇಲ್ಲಿ ಫಲಕ ಕೊಡಲು ಒಬ್ಬರನ್ನು ಆರಿಸುವುದಾದರೆ ಯಾರನ್ನು ಆರಿಸುವುದು?

ಈ ಸತ್ಯವನ್ನು ನಮ್ಮ ಆಚಾರ್ಯರು ಬಹು ಹಿಂದೆಯೇ ಅರಿತಿದ್ದರು. ತತ್ತ್ವಾರ್ಥಸೂತ್ರವು ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ಯವನ್ನು ಮೂರನೆಯದಾಗಿ ಎಣಿಸುತ್ತದೆ. ಸ್ವಾಧ್ಯಾಯ, ಧ್ಯಾನಗಳು ಅದರ ಅನಂತರ ಬರುತ್ತವೆ. ಆ ಸೇವೆಗೆ ಅರ್ಹರಾದ ಹತ್ತು ಬಗೆಯವರಲ್ಲಿ ಗ್ಲಾನ, ಎಂದರೆ ರೋಗಪೀಡಿತ ಮುನಿಯೂ ಒಬ್ಬ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆ ಒಂದು. ರೋಗಿಯ ದೇಹಕ್ಕೆ ಹೇಸದಿರುವುದೇ ಅದು. ಕುಷ್ಠರೋಗಿ ಮುನಿಯ ವೇಷದಲ್ಲಿ ಬಂದ ದೇವನು ಮೈಮೇಲೆ ವಾಂತಿ ಮಾಡಿದಾಗಲೂ ಅಸಹ್ಯಪಡದೆ ಉಪಚರಿಸಿದ ಉದ್ದಾಯನ ಮಹಾರಾಜನ ಕಥೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ.

ಇದಕ್ಕಿಂತಲೂ ನಿಖರವಾದುದು ಭಗವತೀ ಆರಾಧನೆಯ ವಿಧಾನ. ಸಲ್ಲೇಖನ ಕೈಗೊಂಡ ಕ್ಷಪಕನ ಪರಿಚರ್ಯೆಗೆ ಆ ಗ್ರಂಥ ನಲವತ್ತೆಂಟು ನಿರ್ಯಾಪಕ ಮುನಿಗಳನ್ನು ವಿಧಿಸಿ, ನಾಲ್ವರಂತೆ ಅವರ ಕೆಲಸಗಳನ್ನು ವಿಂಗಡಿಸುತ್ತದೆ. ಕೆಲವರು ಕ್ಷಪಕನನ್ನು ಎತ್ತಿ ಕೂರಿಸಿ ಮಗ್ಗುಲಾಗಿಸಬೇಕು. ಕೆಲವರು ಮಲಮೂತ್ರ ತೆಗೆದು ಹಾಸನ್ನು ಶುಚಿಗೊಳಿಸಬೇಕು. ಕೆಲವರು ಧರ್ಮಕಥೆ ಹೇಳಬೇಕು. ಕೆಲವರು ರಾತ್ರಿ ಎಚ್ಚರವಿರಬೇಕು. ಕಾಲ ಕೆಟ್ಟಾಗ ಈ ಸಂಖ್ಯೆಯನ್ನು ಇಳಿಸಬಹುದು. ಆದರೆ ಇಬ್ಬರಿಗಿಂತ ಕಡಿಮೆಯಾಗಕೂಡದು. ಒಬ್ಬನೇ ಇದ್ದರೆ ಆತನೂ ಕೆಡುತ್ತಾನೆ, ಕ್ಷಪಕನೂ ಕೆಡುತ್ತಾನೆ ಎಂಬುದು ಆ ಗ್ರಂಥದ ಎಚ್ಚರಿಕೆ. ಇಡೀ ವಾರ್ಡಿಗೆ ರಾತ್ರಿ ಒಬ್ಬಳೇ ನರ್ಸನ್ನು ನಿಲ್ಲಿಸುವ ಆಡಳಿತ ಮಂಡಳಿಗಳು ಈ ಮಾತನ್ನು ಓದಬೇಕು. ಅವುಗಳಲ್ಲಿ ನಮ್ಮವರು ಇದ್ದರೆ ಎರಡು ಬಾರಿ ಓದಬೇಕು.

2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟು ಸಂಥಾರವನ್ನು ಅಪರಾಧವೆಂದಾಗ ದೇಶದುದ್ದಕ್ಕೂ ಜೈನರು ಮೌನ ಮೆರವಣಿಗೆ ನಡೆಸಿದರು. ಅದೇ ತಿಂಗಳ ಕೊನೆಗೆ ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ನಮ್ಮ ವ್ರತಕ್ಕಾಗಿ ಬೀದಿಗಿಳಿದ ನಾವು, ಆ ವ್ರತಕ್ಕೆ ಆಧಾರವಾದ ಪರಿಚರ್ಯೆಯನ್ನೇ ವೃತ್ತಿಯಾಗಿ ಮಾಡುವವರ ಪರವಾಗಿ ಎಂದಾದರೂ ದನಿಯೆತ್ತಿದ್ದೇವೆಯೇ? 2020ರ ಜುಲೈನಲ್ಲಿ, ಕೊರೋನಾ ಉಲ್ಬಣಿಸಿದ್ದಾಗ, ಸಿಕಂದರಾಬಾದಿನ ಗಾಂಧಿ ಆಸ್ಪತ್ರೆಯ ಹೊರಗುತ್ತಿಗೆ ನರ್ಸುಗಳು ವೇತನಕ್ಕೂ ಕೆಲಸದ ಭದ್ರತೆಗೂ ಮುಷ್ಕರ ಹೂಡಬೇಕಾಯಿತು. ಅದೇ ವರ್ಷದ ಮಾರ್ಚಿನಲ್ಲಿ ನಾವು ಅವರಿಗಾಗಿ ಚಪ್ಪಾಳೆ ತಟ್ಟಿದ್ದೆವು.

ಇದು ಕೇವಲ ಮನಸ್ಸಿನ ಮಾತಲ್ಲ, ನೀತಿಯ ಮಾತು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸೂಚನೆಯಂತೆ ರಚನೆಯಾದ ಕೇಂದ್ರ ಸಮಿತಿಯು ಖಾಸಗಿ ಆಸ್ಪತ್ರೆಗಳ ನರ್ಸುಗಳಿಗೆ ವೇತನದ ಮಾನದಂಡವನ್ನು ಶಿಫಾರಸು ಮಾಡಿತು. ಇನ್ನೂರಕ್ಕೂ ಹೆಚ್ಚು ಹಾಸಿಗೆಗಳಿದ್ದರೆ ಸರ್ಕಾರಿ ನರ್ಸುಗಳ ಸಮಾನ ವೇತನ; ಐವತ್ತಕ್ಕಿಂತ ಕಡಿಮೆ ಇದ್ದರೂ ತಿಂಗಳಿಗೆ 20,000 ರೂಪಾಯಿಗೆ ಇಳಿಯಬಾರದು. ಶಿಫಾರಸನ್ನು ಜಾರಿಗೆ ತರುವ ಹೊಣೆ ರಾಜ್ಯಗಳದು. ನರ್ಸುಗಳ ದೀರ್ಘ ಹೋರಾಟದ ಬಳಿಕ ಕೇರಳ 2018ರಲ್ಲಿ 20,000 ರೂಪಾಯಿಯ ಕನಿಷ್ಠ ವೇತನವನ್ನು ಅಧಿಸೂಚಿಸಿತು. ಮತ ಕೇಳಲು ನಮ್ಮ ಸಭೆಗಳಿಗೆ ಬರುವ ಅಭ್ಯರ್ಥಿಗಳ ಮುಂದೆ, ಕರ್ನಾಟಕದಲ್ಲಾಗಲಿ ತೆಲಂಗಾಣದಲ್ಲಾಗಲಿ, ಈ ಬೇಡಿಕೆಯನ್ನೂ ಇಡೋಣ.

ಆದರೆ ಸರ್ಕಾರವನ್ನು ಕೇಳುವ ಮೊದಲು ನಮ್ಮ ಟ್ರಸ್ಟುಗಳು ಸಿದ್ಧವಾಗಬೇಕು. ದಾನಿಗಳ ಹೆಸರು ಕೆತ್ತಿದ ಕಲ್ಲಿನ ಪಕ್ಕದಲ್ಲಿ, ಪ್ರತಿ ಪಾಳಿಯಲ್ಲಿ ಎಷ್ಟು ರೋಗಿಗಳಿಗೆ ಎಷ್ಟು ನರ್ಸುಗಳಿದ್ದಾರೆಂಬ ಫಲಕವೂ ಇರಲಿ. ರಾತ್ರಿ ಪಾಳಿ ಮುಗಿಸಿದವರಿಗೆ ಸುರಕ್ಷಿತ ವಾಹನವೂ ವಿಶ್ರಾಂತಿಯ ಕೊಠಡಿಯೂ ದೊರೆಯಲಿ. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಒಂದೆಂದು ಬಗೆಯುವ ನಾವು, ಆ ಔಷಧವನ್ನು ಹೊತ್ತಿಗೆ ಸರಿಯಾಗಿ ಕೊಡುವ ಕೈಗೆ ನ್ಯಾಯವಾದ ಸಂಬಳ ಕೊಡುವುದನ್ನು ದಾನವೆಂದು ಕರೆಯದೆ ಋಣವೆಂದು ತಿಳಿಯಬೇಕು.

ಮನೆಗಳಲ್ಲಿಯೂ ತಿದ್ದಿಕೊಳ್ಳಬೇಕಾದುದಿದೆ. ಮಕ್ಕಳು ದೂರದ ಊರುಗಳಲ್ಲಿರುವ ಕುಟುಂಬಗಳಲ್ಲಿ ಹಿರಿಯರನ್ನು ನೋಡಿಕೊಳ್ಳುವವರು ಬಾಡಿಗೆಯ ನರ್ಸುಗಳೇ. ಅಜ್ಜನ ಮಲಮೂತ್ರ ಬಳಿಯುವಾಗ ಬೇಕಾದ ಅವರ ಕೈ, ಊಟದ ಹೊತ್ತಿಗೆ ಬೇರೆ ತಟ್ಟೆಯ ಕೈಯಾಗುವುದು ಯಾವ ಆಚಾರ? ಮಗಳು ವೈದ್ಯೆಯಾಗಲೆಂದು ಲಕ್ಷಗಟ್ಟಲೆ ಸುರಿಯುವ ಮನೆಯು, ಆಕೆ ನರ್ಸಿಂಗ್ ಓದುತ್ತೇನೆಂದರೆ ಮದುವೆಯ ಮಾತೆತ್ತಿ ಹಿಂಜರಿಯುವುದು ಯಾವ ಧರ್ಮ? ತೀರ್ಥಂಕರತ್ವಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ವೈಯಾವೃತ್ಯವನ್ನೂ ಎಣಿಸಿದ ಸಮಾಜ, ಆ ಭಾವನೆಯನ್ನು ಬದುಕಾಗಿಸಿಕೊಂಡವರನ್ನು ಎರಡನೆಯ ಪಂಕ್ತಿಯಲ್ಲಿ ಕೂರಿಸಲಾಗದು.

ಮುಂದಿನ ಮಹಾವೀರ ಜಯಂತಿಯಂದು ಬಸದಿಯ ವೇದಿಕೆಗೆ ಒಬ್ಬ ಶುಶ್ರೂಷಕಿಯನ್ನು ಕರೆಯುವುದಾದರೆ, ಆಕೆಯ ಇಡೀ ತಂಡವನ್ನೂ ಕರೆಯೋಣ. ಶಾಲು ಹೊದಿಸುವ ಮೊದಲು ಒಂದು ಮಾತು ಕೇಳೋಣ: ನಿಮ್ಮ ವಾರ್ಡಿಗೆ ಇನ್ನೂ ಎಷ್ಟು ಮಂದಿ ಬೇಕು? ಉತ್ತರವನ್ನು ಬರೆದುಕೊಂಡು ಮುಂದಿನ ಟ್ರಸ್ಟ್ ಸಭೆಯ ಮೊದಲ ವಿಷಯವಾಗಿ ಇಡೋಣ.