ಶಕುನಿಯಿಲ್ಲದ ಸಭೆ

ಗದುಗಿನ ಭಾರತದ ದ್ಯೂತಪ್ರಸಂಗವನ್ನು ಗಮಕಿಗಳು ಓದುವಾಗ ಕೇಳುವವರ ಕೋಪವೆಲ್ಲ ಶಕುನಿಯ ಮೇಲೆ ಹರಿಯುತ್ತದೆ. ದಾಳ ಅವನದು, ಕಪಟ ಅವನದು, ಕೈವಾಡ ಅವನದು. ಧರ್ಮರಾಯನನ್ನು ಕಂಡು ಜನ ಮರುಗುತ್ತಾರೆಯೇ ಹೊರತು ಬೈಯುವುದಿಲ್ಲ. ಸೋತವನಿಗೆ ಶಕುನಿಯೊಬ್ಬ ಇರುವುದು ಎಷ್ಟು ದೊಡ್ಡ ಸಮಾಧಾನವೆಂಬುದು ಚಾಮರಾಜನಗರದ ಲೆಕ್ಕದ ಮೇಷ್ಟ್ರೊಬ್ಬರಿಗೆ ತಿಳಿದದ್ದು ೨೦೨೨ರ ಬೇಸಿಗೆಯಲ್ಲಿ, ಅದೂ ಗೋವೆಯ ಮಾಂಡವಿ ನದಿಯ ನಡುವೆ.

ಮೇಷ್ಟ್ರು ಮೂವತ್ತು ವರ್ಷ ಪ್ರೌಢಶಾಲೆಯ ಮಕ್ಕಳಿಗೆ ಬಡ್ಡಿ, ಸರಾಸರಿ, ಸಂಭವನೀಯತೆಗಳನ್ನು ಬೋಧಿಸಿದವರು. ಇಸ್ಪೀಟಿನ ಎಲೆಯನ್ನು ಕೈಯಿಂದ ಮುಟ್ಟಿದವರಲ್ಲ. ಅವರ ಭಾವಮೈದುನ ಗುಂಡ್ಲುಪೇಟೆ ತಾಲ್ಲೂಕಿನ ಅರಿಸಿನ ಬೆಳೆಗಾರ. ಆ ವರ್ಷದ ಅರಿಸಿನ ಮಾರಿದ ಮೇಲೆ, ಒಮ್ಮೆಯಾದರೂ ಕಡಲು ನೋಡಿಬರಬೇಕೆಂಬ ಹಳೆಯ ಆಸೆ ಅವನಲ್ಲಿ ಮತ್ತೆ ತಲೆಯೆತ್ತಿತು. ಮೇಷ್ಟ್ರ ಮಗಳು ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಗೋವೆಯಿಂದ ಮರಳುವ ದಾರಿಯಲ್ಲಿ ಅವಳ ಶುಲ್ಕವನ್ನೂ ಹಾಸ್ಟೆಲಿನ ಬಾಕಿಯನ್ನೂ ಕಟ್ಟಿಬರಲೆಂದು ಮನೆಯಾಕೆ ೩೫,೦೦೦ ರೂಪಾಯಿಗಳನ್ನು ಒಂದು ಲಕೋಟೆಗೆ ಹಾಕಿ, ಮೇಲೆ ಮಗಳ ಹೆಸರು ಬರೆದು ಕೊಟ್ಟಿದ್ದರು.

ಎರಡು ದಿನ ಕಡಲು, ಇಗರ್ಜಿ, ಗುಡಿಗಳನ್ನು ನೋಡಿದ್ದಾಯಿತು. ಮೂರನೆಯ ಸಂಜೆ ಪಣಜಿಯ ದಂಡೆಯಲ್ಲಿ ನಿಂತಾಗ ನದಿಯ ಮೇಲೆ ದೀಪಗಳ ಅರಮನೆಯಂತೆ ಹೊಳೆಯುತ್ತಿದ್ದ ಹಡಗುಗಳು ಕಂಡವು. ಕ್ಯಾಸಿನೊಗಳು! ಬಂದದ್ದು ಬಂದೆವು, ಒಳಗೆ ಹೇಗಿದೆಯೆಂದು ನೋಡಿಯೇ ಬಿಡೋಣ ಎಂದರು ಮೇಷ್ಟ್ರು. ಆಟಕ್ಕೆಂದು ೫,೦೦೦ ರೂಪಾಯಿಗಳನ್ನು ಬೇರೆಯಾಗಿ ತೆಗೆದಿಟ್ಟುಕೊಂಡರು. ಅದಕ್ಕಿಂತ ಒಂದು ಕಾಸೂ ಹೆಚ್ಚು ಹೋಗಕೂಡದೆಂಬುದು ಅವರು ತಮಗೆ ತಾವೇ ವಿಧಿಸಿಕೊಂಡ ನಿಯಮ.

ಇಂಥ ಸಭೆ ನಮ್ಮ ನಾಡಿನಲ್ಲಿ ನಡೆಯುವಂತಿಲ್ಲ. ೧೯೬೩ರ ಕರ್ನಾಟಕ ಪೊಲೀಸ್ ಕಾಯಿದೆಯ ಪ್ರಕಾರ ಜೂಜಿನ ಮನೆ ನಡೆಸುವುದೂ ಅಪರಾಧ, ಅಲ್ಲಿ ಕುಳಿತು ಆಡುವುದೂ ಅಪರಾಧ. ಗೋವೆಯಲ್ಲಿಯೂ ೧೯೭೬ರ ಕಾಯಿದೆ ಜೂಜನ್ನು ತಡೆದಿತ್ತು. ಆದರೆ ೧೯೯೨ರ ತಿದ್ದುಪಡಿ ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಜೂಜಿಗೂ, ೧೯೯೬ರ ತಿದ್ದುಪಡಿ ಹಡಗಿನ ಮೇಲಿನ ಮೇಜಿನಾಟಗಳಿಗೂ ಬಾಗಿಲು ತೆರೆದವು. ಇದರಲ್ಲೊಂದು ಸ್ವಾರಸ್ಯವೂ ಉಂಟು. ೨೦೨೦ರ ಫೆಬ್ರವರಿ ೧ರಿಂದ ಗೋವೆಯ ನಿವಾಸಿಗಳೇ ಆಡಲು ಒಳಗೆ ಹೋಗಕೂಡದೆಂದು ಅಲ್ಲಿಯ ಸರ್ಕಾರ ಕಟ್ಟಳೆ ಮಾಡಿತು. ಅಡಿಗೆಯವನು ತನ್ನ ಮಕ್ಕಳಿಗೆ ಬಡಿಸಲೊಲ್ಲದ ಊಟಕ್ಕೆ ಪರಊರಿನವರು ದುಡ್ಡು ಕೊಟ್ಟು ಎಲೆ ಹಾಕಿಸಿಕೊಳ್ಳುತ್ತಾರೆ!

ದಂಡೆಯಿಂದ ಸಣ್ಣ ದೋಣಿಯೊಂದು ಇಬ್ಬರನ್ನೂ ಹಡಗಿಗೆ ಮುಟ್ಟಿಸಿತು. ಒಳಗಿನ ವೈಭವವನ್ನು ಕಂಡು ಭಾವಮೈದುನ ಚಪ್ಪಲಿಯನ್ನು ಬಾಗಿಲಲ್ಲೇ ಬಿಡಬೇಕೇನೋ ಎಂದು ಒಂದು ಗಳಿಗೆ ತಡೆದು ನಿಂತನಂತೆ. ಮೆತ್ತನೆಯ ಜಮಖಾನ, ಹಾಡು, ಕುಣಿತ, ಬೇಕಾದಷ್ಟು ತಿಂಡಿತೀರ್ಥ. ಗೋಡೆಯ ಮೇಲೆ ಗಡಿಯಾರವೊಂದೂ ಕಾಣಲಿಲ್ಲ. ಹೊರಗೆ ಕತ್ತಲಾಯಿತೇ, ಬೆಳಗಾಯಿತೇ ಎಂದು ತಿಳಿಯಲು ತೆರೆದ ಕಿಟಕಿಯೂ ಇರಲಿಲ್ಲ. ನೋಟುಗಳನ್ನು ಕೊಟ್ಟರೆ ಬಣ್ಣಬಣ್ಣದ ಬಿಲ್ಲೆಗಳನ್ನು ಕೊಟ್ಟರು. ನೋಟಿನ ಮೇಲೆ ಬೆವರಿನ ವಾಸನೆಯಿರುತ್ತದೆ. ಬಿಲ್ಲೆಗೆ ಅದೂ ಇಲ್ಲ, ಮಕ್ಕಳ ಆಟಿಕೆಯಂತೆ ಹಗುರ. ದೂರದ ಮೇಜೊಂದರಲ್ಲಿ ಒಬ್ಬಾತ ಬಿಲ್ಲೆಗಳ ಗೋಪುರವನ್ನೇ ಮುಂದಕ್ಕೆ ತಳ್ಳಿದ. ಅದು ಒಂದು ಲಕ್ಷ ರೂಪಾಯಿ ಎಂದು ಪಕ್ಕದವರು ಪಿಸುಗುಟ್ಟಿದರು. ಅರ್ಧ ನಿಮಿಷದಲ್ಲಿ ಗೋಪುರ ಮಾಯವಾಯಿತು. ಆತನ ಹುಬ್ಬು ಕೂಡ ಅಲುಗಲಿಲ್ಲ. “ಒಂದು ಎಕರೆಯ ಬೆಳೆ ಹೋಯಿತಲ್ಲ ಭಾವ!” ಎಂದು ಉದ್ಗರಿಸಿದವನು ಗುಂಡ್ಲುಪೇಟೆಯ ರೈತ.

ಮೇಷ್ಟ್ರನ್ನು ಸೆಳೆದದ್ದು ರೂಲೆಟ್ ಎಂಬ ತಿರುಗುಚಕ್ರ. ಅವರು ತರಗತಿಯಲ್ಲಿ ನಿಂತಂತೆಯೇ ನಿಂತು ಭಾವಮೈದುನನಿಗೆ ವಿವರಿಸಿದರು: “ನೋಡಯ್ಯ, ಇದರಲ್ಲಿ ೩೭ ಅಂಕಣ. ಒಂದರಿಂದ ೩೬ರ ತನಕ ಅರ್ಧ ಕೆಂಪು, ಅರ್ಧ ಕಪ್ಪು. ಉಳಿದದ್ದು ಹಸಿರು ಸೊನ್ನೆ. ಅಷ್ಟೂ ಅಂಕಣಕ್ಕೆ ತಲಾ ನೂರು ರೂಪಾಯಿ ಇಟ್ಟೆವೆನ್ನು, ೩,೭೦೦ ಆಯಿತು. ಯಾವುದಾದರೂ ಒಂದು ಗೆದ್ದೇ ಗೆಲ್ಲಬೇಕು. ಆಗ ನಮ್ಮ ಕೈಗೆ ಬರುವುದು ೩,೬೦೦. ಉಳಿದ ನೂರು ಮಾಲೀಕನದು. ಅಂದರೆ ನೂರು ರೂಪಾಯಿ ಪಣಕ್ಕೆ ಸರಾಸರಿ ೨ ರೂಪಾಯಿ ೭೦ ಪೈಸೆ ಅವನಿಗೆ ಸೇರುತ್ತದೆ. ಅವನು ಮೋಸ ಮಾಡಬೇಕಾಗಿಯೇ ಇಲ್ಲ.”

“ಹಾಗಾದರೆ ಬನ್ನಿ ಭಾವ, ಊಟ ಮಾಡಿ ಹೋಗೋಣ” ಎಂದ ಅವನು.

ಆ ಮಾತನ್ನು ಮೇಷ್ಟ್ರು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಲೆಕ್ಕ ತಿಳಿಯದವನು ಹಿಂಜರಿಯುತ್ತಾನೆ. ಲೆಕ್ಕ ತಿಳಿದವನು, ತಿಳಿದಿರುವುದೇ ತನಗೆ ರಕ್ಷೆಯೆಂದು ನಂಬುತ್ತಾನೆ. ಮೇಷ್ಟ್ರಿಗೆ ಒಂದು ಉಪಾಯ ಹೊಳೆಯಿತು. ಕಪ್ಪಿನ ಮೇಲೆ ಸಾವಿರ ಇಡುವುದು. ಸೋತರೆ ಎರಡು ಸಾವಿರ, ಮತ್ತೆ ಸೋತರೆ ನಾಲ್ಕು. ಯಾವಾಗಲೋ ಒಮ್ಮೆ ಕಪ್ಪು ಬರಲೇಬೇಕು. ಬಂದಾಗ ಹೋದದ್ದೆಲ್ಲ ಮರಳಿ, ಮೇಲೆ ಒಂದು ಸಾವಿರ ಲಾಭ. ಈ ಉಪಾಯವನ್ನು ಲೋಕದ ಜೂಜುಗಾರರು ಶತಮಾನಗಳಿಂದ ಹೊಸದಾಗಿ ಕಂಡುಹಿಡಿಯುತ್ತಲೇ ಇದ್ದಾರೆಂಬುದು ಆ ಗಳಿಗೆಯಲ್ಲಿ ಅವರಿಗೆ ನೆನಪಾಗಲಿಲ್ಲ.

ಉಪಾಯ ಫಲಿಸಿತು, ಒಂದಲ್ಲ, ನಾಲ್ಕು ಸಲ. ಐದು ಸಾವಿರ ಒಂಬತ್ತಾಯಿತು. ಮೇಷ್ಟ್ರ ಮುಖದಲ್ಲಿ, ಹತ್ತನೆಯ ತರಗತಿಯ ಫಲಿತಾಂಶ ನೂರಕ್ಕೆ ನೂರು ಬಂದ ದಿನದ ಕಳೆ. ಅನಂತರ ಕೆಂಪು ಬಿತ್ತು. ಎರಡು ಸಾವಿರ ಇಟ್ಟರು; ಮತ್ತೆ ಕೆಂಪು. ನಾಲ್ಕು ಸಾವಿರ; ಮತ್ತೂ ಕೆಂಪು. ಏಳು ಸಾವಿರ ಹೋಗಿ ಕೈಯಲ್ಲಿ ಎರಡೇ ಉಳಿದವು. ಈಗ ಬೇಕಾದದ್ದು ಎಂಟು. ಮೂರು ಕೆಂಪು ಬಂದ ಮೇಲೆ ಕಪ್ಪಿನ ಸರದಿಯಲ್ಲವೇ? ಚಕ್ರಕ್ಕೆ ನೆನಪಿಲ್ಲ, ಹಿಂದಿನ ಸುತ್ತು ಮುಂದಿನ ಸುತ್ತಿಗೆ ಸಾಲ ಕೊಡುವುದಿಲ್ಲವೆಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದ ಬಾಯಿ ಆಗ ಒಣಗಿತ್ತು. ಕೈ ತಾನಾಗಿ ಒಳಜೇಬಿಗೆ ಹೋಯಿತು. ಮಗಳ ಹೆಸರಿನ ಲಕೋಟೆಯಿಂದ ಆರು ಸಾವಿರ ಹೊರಬಂತು.

ಗುಂಡು ಹಸಿರು ಸೊನ್ನೆಯಲ್ಲಿ ನಿಂತಿತು.

“ಸಾಕು ಭಾವ” ಎಂದು ಭಾವಮೈದುನ ತೋಳು ಹಿಡಿದ. ಮೇಷ್ಟ್ರು ಕೊಡವಿಕೊಂಡರು. ಹೆಂಡತಿಯ ತಮ್ಮನ ಮೇಲೆ ಅವರು ಹಾಗೆ ಕೈ ಕೊಡವಿದ್ದು ಇಪ್ಪತ್ತೈದು ವರ್ಷಗಳಲ್ಲಿ ಅದೇ ಮೊದಲು. ಲಕೋಟೆಯಿಂದ ಹದಿನಾರು ಸಾವಿರ ಬಂತು, ಕೆಂಪಿಗೆ ಹೋಯಿತು. ಮುಂದಿನ ಪಣ ೩೨,೦೦೦. ಲಕೋಟೆಯಲ್ಲಿ ಉಳಿದದ್ದು ೧೩,೦೦೦.

ರಾತ್ರಿ ದಂಡೆಯ ಕಲ್ಲುಬೆಂಚಿನ ಮೇಲೆ ಕುಳಿತು ಮೇಷ್ಟ್ರು ಲೆಕ್ಕ ಮಾಡಿದರು. ಐದು ಸುತ್ತುಗಳಲ್ಲಿ ಇಟ್ಟದ್ದು ೩೧,೦೦೦. ಐದನೆಯ ಸುತ್ತಿನಲ್ಲಿ ಗೆದ್ದಿದ್ದರೆ ದೊರೆಯುತ್ತಿದ್ದ ಲಾಭ? ಒಂದು ಸಾವಿರ! ಐದು ಸಲ ಸತತವಾಗಿ ಕಪ್ಪು ಬಾರದಿರುವ ಸಂಭವ ಸುಮಾರು ೨೮ಕ್ಕೆ ಒಂದು. ಅದೇನೂ ಅಪೂರ್ವವಲ್ಲ, ಒಂದು ರಾತ್ರಿ ಕುಳಿತು ಆಡುವವನ ದಾರಿಯಲ್ಲಿ ಎದುರಾಗಿಯೇ ಆಗುವ ತಿರುವು. ಚಕ್ರ ನೆಟ್ಟಗಿತ್ತು. ತಿರುಗಿಸಿದ ಹುಡುಗಿ ವಿನಯದಿಂದಿದ್ದಳು. ಆಡಿರೆಂದು ಯಾರೂ ಬಲವಂತ ಮಾಡಲಿಲ್ಲ. ಮೇಷ್ಟ್ರು ಆ ಸಭೆಯಲ್ಲೆಲ್ಲ ಮನಸ್ಸಿನಲ್ಲೇ ಶಕುನಿಯನ್ನು ಹುಡುಕಿದರು, ಸಿಗಲಿಲ್ಲ.

“ಬೇಸಾಯವೂ ಜೂಜೇ ಅಲ್ಲವೇನಯ್ಯ? ಮಳೆ ನಿನ್ನ ಕೈಯಲ್ಲಿಲ್ಲ, ಬೆಲೆ ನಿನ್ನ ಕೈಯಲ್ಲಿಲ್ಲ” ಎಂದರು, ತಮ್ಮ ಸೋಲಿಗೆ ಜೊತೆ ಹುಡುಕುವವರಂತೆ.

ಅವನು ಬಹಳ ಹೊತ್ತು ಯೋಚಿಸಿದ. “ಅರಿಸಿನಕ್ಕೆ ಒಂಬತ್ತು ತಿಂಗಳು ಕಾಯುತ್ತೇವೆ ಭಾವ. ಬೆಲೆ ಬಿದ್ದರೂ ಬಿತ್ತನೆಗೆ ಗೆಡ್ಡೆ ಉಳಿಯುತ್ತದೆ, ಕೂಲಿಯವರ ಮನೆಯಲ್ಲಿ ಒಲೆ ಉರಿದಿರುತ್ತದೆ. ಇಲ್ಲಿ ಏನು ಉಳಿಯಿತು?”

ಮರುದಿನ ಧಾರವಾಡದಲ್ಲಿ ಲಕೋಟೆಯ ಕೊರತೆಯಾದ ೨೨,೦೦೦ವನ್ನು ತುಂಬಿದ್ದು ಅರಿಸಿನದ ಹಣ. ಅಪ್ಪ ಶುಲ್ಕ ಕಟ್ಟಿ ಕೊಟ್ಟ ರಸೀದಿಯನ್ನು ಮಗಳು ನಗುತ್ತ ಪುಸ್ತಕದೊಳಗಿಟ್ಟುಕೊಂಡಳು. ಮೇಷ್ಟ್ರು ಅವಳ ಮುಖ ನೋಡಲಿಲ್ಲ.

ಮನೆಯಲ್ಲಿ ಮಾತ್ರ ಮುಚ್ಚಿಡಲಿಲ್ಲ. ಎಲ್ಲವನ್ನೂ ಕೇಳಿದ ಮನೆಯಾಕೆ, “ಅವರು ಮೋಸ ಮಾಡಿದರೇನು?” ಎಂದರು.

“ಇಲ್ಲ. ಲೆಕ್ಕ ಸರಿಯಾಗಿಯೇ ಇತ್ತು.”

“ಹಾಗಾದರೆ ಬೈಯುವುದಕ್ಕೂ ಯಾರೂ ಇಲ್ಲವಲ್ಲ” ಎಂದು ಆಕೆ ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತೆಂದು ಮೇಷ್ಟ್ರಿಗೆ ಅನ್ನಿಸಿತು. ಭಾವಮೈದುನನ ಸಾಲ ಹನ್ನೊಂದು ತಿಂಗಳಲ್ಲಿ ತೀರಿತು, ತಿಂಗಳಿಗೆ ಎರಡು ಸಾವಿರದಂತೆ. ಬರಿದಾದ ಲಕೋಟೆಯನ್ನು ಅವರು ಇನ್ನೂ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದಾರೆ.

೨೦೨೪ರ ಅಕ್ಟೋಬರಿನಲ್ಲಿ ಗುಂಡ್ಲುಪೇಟೆಯಿಂದ ದೂರವಾಣಿ ಬಂತು. ಕೇರಳ ಸರ್ಕಾರದ ಓಣಂ ಲಾಟರಿಯ ೨೫ ಕೋಟಿ ರೂಪಾಯಿ ಪಾಂಡವಪುರದ ಮೆಕ್ಯಾನಿಕ್ ಒಬ್ಬರಿಗೆ ಬಂದಿತ್ತು. ಚೀಟಿ ಮಾರಾಟವಾದದ್ದು ಬಂಡೀಪುರದ ಕಾಡು ದಾಟಿದರೆ ಸಿಗುವ ಸುಲ್ತಾನ್ ಬತ್ತೇರಿಯಲ್ಲಿ. ಕೇರಳ ೧೯೬೭ರಲ್ಲಿ ಆರಂಭಿಸಿದ ಲಾಟರಿ ಇಂದಿಗೂ ನಡೆಯುತ್ತಿದೆ. ಕರ್ನಾಟಕ ೨೦೦೭ರಲ್ಲೇ ಲಾಟರಿಯನ್ನು ನಿಲ್ಲಿಸಿತು. ಹೀಗಾಗಿ ಗುಂಡ್ಲುಪೇಟೆಯ ಆಸೆ ಗಡಿ ದಾಟಿ ಹೋಗುತ್ತದೆ. “ನಮ್ಮ ದಾರಿಯಲ್ಲೇ ಭಾವ, ೨೫ ಕೋಟಿ!” ಎಂದು ಅವನ ದನಿ ನಡುಗುತ್ತಿತ್ತು.

“ಚೀಟಿಯ ಬೆಲೆ ಐನೂರು. ಮಾರಾಟವಾದ ಚೀಟಿ ೭೦ ಲಕ್ಷಕ್ಕೂ ಹೆಚ್ಚು” ಎಂದರು ಮೇಷ್ಟ್ರು. “ಗೆದ್ದವನ ಭಾವಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಉಳಿದವರದನ್ನು ಅಚ್ಚು ಹಾಕುವಷ್ಟು ಕಾಗದ ಯಾರಲ್ಲಿದೆ?”

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲನೆ, “ನಾನೂ ಒಂದು ಕೊಂಡಿದ್ದೆ ಭಾವ” ಎಂದ.

ಮೇಷ್ಟ್ರು ಬೈಯಲಿಲ್ಲ. “ನಿನ್ನ ಜೇಬಿನ ದುಡ್ಡೋ, ಯಾರದಾದರೂ ಹೆಸರು ಬರೆದಿಟ್ಟಿದ್ದ ಲಕೋಟೆಯದೋ?” ಎಂದಷ್ಟೇ ಕೇಳಿದರು.