ಏಳು ದಿನದ ಟಿಕೆಟ್, ಎರಡು ಗಂಟೆಯ ನೋಟ: ಅಪ್ಪ-ಅಮ್ಮನನ್ನು ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೀಗೆ ಕರೆದೊಯ್ಯಬೇಡಿ

ಬೇಸಿಗೆ ಬಂತೆಂದರೆ ನಮ್ಮ ತಾಲ್ಲೂಕುಗಳಿಂದಲೂ ಅಮೆರಿಕಕ್ಕೆ ವಿಮಾನ ಹತ್ತುವ ಹಿರಿಯರಿದ್ದಾರೆ. ಮಗಳ ಬಾಣಂತನಕ್ಕೆ, ಮೊಮ್ಮಗನ ನಾಮಕರಣಕ್ಕೆ, ಇಲ್ಲವೇ ಮಗ ಕೊಂಡ ಮನೆ ನೋಡಿ ಬರೋಣ ಅಂತ. ಹೋದಮೇಲೆ ಒಂದು ಶನಿವಾರ-ಭಾನುವಾರ ಅರಿಜೋನಾ ರಾಜ್ಯದ ಗ್ರ್ಯಾಂಡ್ ಕ್ಯಾನ್ಯನ್ ತೋರಿಸುವುದು ಮಾಮೂಲು. ವಾಪಸ್ ಬಂದವರನ್ನು ಹೇಗಿತ್ತು ಅಂತ ಕೇಳಿ ನೋಡಿ. "ಚೆನ್ನಾಗಿತ್ತಪ್ಪ, ದೊಡ್ಡ ಕಮರಿ" ಅನ್ನುತ್ತಾರೆ. ಆಮೇಲಿನ ಮಾತೆಲ್ಲ ಕಾರಲ್ಲಿ ಕೂತು ಕೂತು ಕಾಲು ಬಾತದ್ದು, ಗಾಡಿ ನಿಲ್ಲಿಸು ಅಂತ ಅಳಿಯನಿಗೆ ಹೇಳೋಕೆ ನಾಚಿಕೆಯಾದದ್ದು, ಫೋಟೋಗೆ ನಿಂತು ಸಾಕಾದದ್ದು.

ಹಿರಿಯರಿಗೆ ನೋಡುವ ಆಸೆ ಇಲ್ಲದೆ ಹೀಗಾಗಲಿಲ್ಲ. ಯೋಜನೆ ಹಾಕಿದವರು ಅವರನ್ನು ಕೇಳಲೇ ಇಲ್ಲ. ಏಜೆಂಟರ ಪಟ್ಟಿ ನೋಡಿದರು, ಗೆಳೆಯರ ಫೋಟೋ ನೋಡಿದರು, ಬುಕ್ ಮಾಡಿದರು. ನಮ್ಮಲ್ಲಿ ಯಾರೂ ಆ ಕಮರಿಯ ಅಂಚಿನಲ್ಲಿ ನಿಂತವರಲ್ಲ. ಹೋಗಿಬಂದವರ ಮಾತು ಕೇಳಿಸಿಕೊಂಡವರು, ಆ ರಾಷ್ಟ್ರೀಯ ಉದ್ಯಾನದವರೇ ಹಾಕುವ ಮಾಹಿತಿ ಕೂತು ಓದಿದವರು. ಅಷ್ಟು ಓದಿದ್ದಕ್ಕೇ ಸಿಟ್ಟು ಬಂದಿದೆ. ಈ ಬರಹ ಅಲ್ಲಿರುವ ಮಕ್ಕಳಿಗಿಂತ ಇಲ್ಲಿರುವ ಅಪ್ಪ-ಅಮ್ಮಂದಿರಿಗೆ. ಟಿಕೆಟ್ ಬುಕ್ ಆಗುವ ಮೊದಲೇ ನೀವು ಬಾಯಿ ಬಿಡಬೇಕು.

ಮೊದಲು ಹಣದ ಲೆಕ್ಕ. ಒಂದು ಕಾರಿಗೆ ಪ್ರವೇಶ ಶುಲ್ಕ 35 ಡಾಲರ್. ಅದು ಏಳು ದಿನ ನಡೆಯುತ್ತದೆ. 2026ರ ಜನವರಿ 1ರಿಂದ ಇನ್ನೊಂದು ಸೇರಿದೆ. ಅಮೆರಿಕದ ನಿವಾಸಿಗಳಲ್ಲದವರು, 16 ವರ್ಷ ದಾಟಿದವರು, ತಲೆಗೆ 100 ಡಾಲರ್ ಹೆಚ್ಚುವರಿ ಕೊಡಬೇಕು. ಗ್ರ್ಯಾಂಡ್ ಕ್ಯಾನ್ಯನ್, ಯೊಸೆಮಿಟಿ, ಜಿಯಾನ್ ಸೇರಿ ಒಟ್ಟು 11 ಉದ್ಯಾನಗಳಲ್ಲಿ ಈ ನಿಯಮ. ವಿಸಿಟರ್ ವೀಸಾದಲ್ಲಿ ಹೋದ ಅಪ್ಪ-ಅಮ್ಮ ಇದರೊಳಗೆ ಬರುತ್ತಾರೆ. ಇಬ್ಬರಿಗೆ 200 ಡಾಲರ್ ಅಂದರೆ ನಮ್ಮ ಹದಿನೈದು ಸಾವಿರ ರೂಪಾಯಿಗೂ ಮೇಲೆ. ಎರಡು ಮೂರು ಉದ್ಯಾನ ನೋಡುವವರಿಗೆ 250 ಡಾಲರ್‌ನ ವಾರ್ಷಿಕ ಪಾಸ್ ಇದೆ. ಯಾವುದು ಲಾಭ ಅಂತ ಉದ್ಯಾನದ ಸ್ವಂತ ವೆಬ್‌ಸೈಟ್‌ನಲ್ಲೇ ನೋಡಬೇಕು, ಏಜೆಂಟ್ ಬಾಯಲ್ಲಿ ಕೇಳಬಾರದು.

ಇಷ್ಟು ತೆತ್ತು, ಏಳು ದಿನದ ಹಕ್ಕು ಪಡೆದು, ಎರಡು ಗಂಟೆ ನೋಡಿ ಹಿಂತಿರುಗುವುದಕ್ಕೆ ಏನನ್ನಬೇಕು? ಲಾಸ್ ವೇಗಾಸ್‌ನಿಂದ ದಕ್ಷಿಣ ಅಂಚಿಗೆ ಸುಮಾರು 450 ಕಿಲೋಮೀಟರ್. ಬೆಂಗಳೂರಿಂದ ಹುಬ್ಬಳ್ಳಿಗಿಂತ ದೂರ. ಬೆಳಗ್ಗೆ ಹೋಗಿ ರಾತ್ರಿ ವಾಪಸ್ ಅಂದರೆ ದಿನಕ್ಕೆ 900 ಕಿಲೋಮೀಟರ್, ಒಂಬತ್ತು ಗಂಟೆ ಕಾರಲ್ಲಿ. ಸಕ್ಕರೆ ಕಾಯಿಲೆ, ಮಂಡಿನೋವು ಇರುವ ಅರವತ್ತೈದರ ಅಮ್ಮನನ್ನು ಹುಬ್ಬಳ್ಳಿಗೆ ಕರೆದೊಯ್ದು, ಊಟ ಹಾಕಿಸಿ, ಅದೇ ದಿನ ವಾಪಸ್ ತರುತ್ತೀರಾ? ಇಲ್ಲಿ ಮಾಡದ್ದನ್ನು ಅಲ್ಲಿ ಯಾಕೆ ಮಾಡುತ್ತೀರಿ?

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. 'ಗ್ರ್ಯಾಂಡ್ ಕ್ಯಾನ್ಯನ್ ಒಂದು ದಿನದ ಟೂರ್' ಅಂತ ಮಾರುವ ಎಷ್ಟೋ ಬಸ್ಸುಗಳು ರಾಷ್ಟ್ರೀಯ ಉದ್ಯಾನಕ್ಕೆ ಹೋಗುವುದೇ ಇಲ್ಲ. ಅವು ಹೋಗುವುದು ಗ್ರ್ಯಾಂಡ್ ಕ್ಯಾನ್ಯನ್ ವೆಸ್ಟ್‌ಗೆ. 2007ರಲ್ಲಿ ತೆರೆದ ಗಾಜಿನ ಸೇತುವೆ ಸ್ಕೈವಾಕ್ ಇರುವುದು ಅಲ್ಲೇ. ಅದು ಹುಅಲಪೈ ಎಂಬ ಮೂಲನಿವಾಸಿಗಳ ಸ್ವಂತ ಜಮೀನು. ಅಲ್ಲಿ ಟಿಕೆಟ್ ಬೇರೆ, ಉದ್ಯಾನದ ಪಾಸ್ ನಡೆಯುವುದಿಲ್ಲ. ತಮ್ಮ ನೆಲ ತೋರಿಸಿ ಅವರು ದುಡಿಯಲಿ, ಅದಕ್ಕೆ ನಮ್ಮ ತಕರಾರಿಲ್ಲ. ಒಂದನ್ನು ತೋರಿಸಿ ಇನ್ನೊಂದರ ಹೆಸರು ಹೇಳುವ ಏಜೆಂಟರ ಮೇಲೆ ನಮ್ಮ ತಕರಾರು. ಆದ್ದರಿಂದ ಮಗ "ಬುಕ್ ಮಾಡಿದೀನಮ್ಮ" ಅಂದ ತಕ್ಷಣ ಕೇಳಿ: "ಯಾವ ಅಂಚಪ್ಪ? ಸೌತ್ ರಿಮ್ಮಾ, ವೆಸ್ಟಾ?" ಅವನು ಒಂದು ಕ್ಷಣ ತಬ್ಬಿಬ್ಬಾದರೆ ಆಗಲಿ.

ಉತ್ತರದ ಅಂಚು ಅಂದರೆ ಬೇಡ ಅನ್ನಿ. ಎರಡು ಅಂಚಿನ ನಡುವೆ ಹಕ್ಕಿ ಹಾರಿದರೆ 16 ಕಿಲೋಮೀಟರ್, ರಸ್ತೆಯಲ್ಲಿ ಸುತ್ತಿ ಹೋದರೆ ಹೆಚ್ಚುಕಮ್ಮಿ 350. ಚಳಿಗಾಲದಲ್ಲಿ ಮುಚ್ಚಿರುತ್ತದೆ. 2025ರ ಜುಲೈನ ಕಾಡ್ಗಿಚ್ಚಿನಲ್ಲಿ ಅಲ್ಲಿನ ಹಳೇ ವಸತಿಗೃಹವೂ ಸುಟ್ಟುಹೋಯಿತು. ಹಿರಿಯರಿಗೆ ದಕ್ಷಿಣ ಅಂಚೇ ಸರಿ, ವರ್ಷವಿಡೀ ತೆರೆದಿರುತ್ತದೆ.

ಈಗ ಮಕ್ಕಳ ವಾದ. "ಎರಡು ದಿನ ಕಲ್ಲು ನೋಡ್ಕೊಂಡು ಅಪ್ಪ ಏನು ಮಾಡ್ತಾರೆ, ಬೋರ್ ಆಗುತ್ತೆ." ನಮಗೆ ತೀರಾ ಸಿಟ್ಟು ತರಿಸುವ ಮಾತು ಇದು. ಬೋರ್ ಅನ್ನುವ ಪದಕ್ಕೆ ನಮ್ಮ ಅಪ್ಪಂದಿರಿಗೆ ಇನ್ನೊಂದು ಅರ್ಥ ಗೊತ್ತಿದೆ. ರಾತ್ರಿಯೆಲ್ಲ ರಿಗ್ ಲಾರಿ ಪಕ್ಕ ನಿಂತು, ಮೇಲೆ ಬರುವ ಪುಡಿಯನ್ನು ಅಂಗೈಯಲ್ಲಿ ತಿಕ್ಕಿ ನೋಡಿದವರು ಅವರು. ಕೆಂಪು ಮಣ್ಣು ಎಷ್ಟು ಅಡಿಗೆ ಮುಗಿಯಿತು, ಗರಸು ಎಲ್ಲಿ ಸಿಕ್ಕಿತು, ಗಟ್ಟಿ ಕಲ್ಲು ಎಲ್ಲಿ ಶುರುವಾಯಿತು ಅಂತ ಬೆರಳಲ್ಲಿ ಓದಿದವರು. ಸಾವಿರದೈನೂರು ಅಡಿ ಕೊರೆಸಿ ಪುಡಿಯಲ್ಲಷ್ಟೇ ನೋಡಿದ್ದನ್ನು, ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕೊಲರಾಡೊ ನದಿ ಸುಮಾರು ಒಂದು ಮೈಲಿ ಆಳಕ್ಕೆ ಸೀಳಿ ಬಿಸಿಲಿಗೆ ತೆರೆದಿಟ್ಟಿದೆ. ಉದ್ದ 446 ಕಿಲೋಮೀಟರ್, ಅಗಲ ಕೆಲವು ಕಡೆ 29. ಪದರದ ಮೇಲೆ ಪದರ, ಒಂದೊಂದಕ್ಕೆ ಒಂದೊಂದು ಬಣ್ಣ. ಕಂಪ್ಯೂಟರ್ ಮುಂದೆ ಕೂರುವ ಮಗನಿಗಿಂತ ಬಾವಿ ತೋಡಿಸಿದ ಅಪ್ಪನಿಗೆ ಇದು ಬೇಗ ಅರ್ಥವಾಗುತ್ತದೆ. ಅವರಿಗೆ ಬೇಕಾದದ್ದು ಕೂರಲು ಒಂದು ಬೆಂಚು, ಅವಸರ ಮಾಡದ ಒಬ್ಬ ಮಗ.

ಅಲ್ಲೊಂದು ಕಾಲುದಾರಿ ಇದೆ, ಟ್ರೇಲ್ ಆಫ್ ಟೈಮ್ ಅಂತ. ಯಾವಪೈ ಭೂವಿಜ್ಞಾನ ಮ್ಯೂಸಿಯಂ ಹತ್ತಿರ ಶುರುವಾಗಿ ಅಂಚಿನ ಗುಂಟ ಸಾಗುತ್ತದೆ. ಡಾಂಬರು ಹಾಕಿದ ಸಮತಟ್ಟು ದಾರಿ, ಎರಡು ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು. ಒಂದು ಮೀಟರಿಗೆ ಹತ್ತು ಲಕ್ಷ ವರ್ಷ ಅಂತ ಲೆಕ್ಕ. ನದಿ ಈ ಕಮರಿ ಕೊರೆದದ್ದು ಕಳೆದ ಐವತ್ತು ಅರವತ್ತು ಲಕ್ಷ ವರ್ಷದಲ್ಲಿ, ಅಂದರೆ ಆರೇಳು ಹೆಜ್ಜೆಯಲ್ಲಿ ಅದು ಮುಗಿಯಿತು. ಅಂಚಿನ ಮೇಲ್ಪದರ ಸುಣ್ಣಕಲ್ಲು, ಹಿಂದೆ ಸಮುದ್ರದ ತಳವಾಗಿದ್ದದ್ದು, 27 ಕೋಟಿ ವರ್ಷದ್ದು. ಅದನ್ನು ತಲುಪಲು 270 ಮೀಟರ್ ನಡೆಯಬೇಕು. ತಳದ ಕಪ್ಪು ಕಲ್ಲಿಗೆ ಸುಮಾರು 170-180 ಕೋಟಿ ವರ್ಷ. ದಾರಿಯಲ್ಲಿ ಆಯಾ ಕಾಲದ ಕಲ್ಲುಗಳನ್ನು ಇಟ್ಟಿದ್ದಾರೆ, ಮುಟ್ಟಿ ನೋಡಬಹುದು. ಅಲ್ಲಿ ಅಪ್ಪನಿಗೆ ಒಂದು ವಿಷಯ ಹೇಳಿ: ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಅಮೆರಿಕದ ಕಮರಿಯ ತಳಕ್ಕಿಂತ ನಮ್ಮ ಕಾಲಡಿಯ ಕಲ್ಲು ಹಳೆಯದು. ಆಮೇಲೆ ಬೋರ್ ಆಯಿತು ಅನ್ನುತ್ತಾರಾ ನೋಡೋಣ.

ಆ ತಳದ ಕಲ್ಲಿನ ಹೆಸರು ವಿಷ್ಣು ಶಿಸ್ಟ್. ಇದನ್ನು ಹಿಡಿದುಕೊಂಡೇ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ 'ಅಮೆರಿಕದ ಕಣಿವೆಯಲ್ಲಿ ಪುರಾತನ ಶಿವ ದೇವಾಲಯ' ಅಂತ ಸಂದೇಶ ಸುತ್ತುತ್ತಿರುತ್ತದೆ. ಅಲ್ಲಿ ಶಿವ ಟೆಂಪಲ್, ವಿಷ್ಣು ಟೆಂಪಲ್, ಬ್ರಹ್ಮ ಟೆಂಪಲ್ ಎಂಬ ಹೆಸರಿನ ಶಿಖರಗಳಿರುವುದು ನಿಜ. ಗುಡಿ ಇಲ್ಲ. 1880ರ ಆಸುಪಾಸಿನಲ್ಲಿ ಸರ್ವೆ ಮಾಡಿದ ಕ್ಲಾರೆನ್ಸ್ ಡಟ್ಟನ್ ಎಂಬ ಭೂವಿಜ್ಞಾನಿಗೆ ಆ ಕಲ್ಲಿನ ಗೋಪುರಗಳು ಪೂರ್ವ ದೇಶಗಳ ದೇವಾಲಯಗಳಂತೆ ಕಂಡವು, ಹಾಗೆ ಹೆಸರಿಟ್ಟ. ಮುಂದಿನವರೂ ಅದೇ ಜಾಡು ಹಿಡಿದರು. ಬುದ್ಧ, ಕನ್‌ಫ್ಯೂಷಿಯಸ್ ಹೆಸರಿನವೂ ಇವೆ. 1909ರಲ್ಲಿ ಅಲ್ಲಿನದೇ ಒಂದು ಪತ್ರಿಕೆ, ಅರಿಜೋನಾ ಗೆಜೆಟ್, ಕಮರಿಯ ಗುಹೆಯಲ್ಲಿ ಈಜಿಪ್ಟಿನ ನಿಧಿ, ಬುದ್ಧನಂಥ ವಿಗ್ರಹ ಸಿಕ್ಕಿತೆಂದು ಬರೆದಿತ್ತು. ಯಾವ ಸಂಸ್ಥೆಯ ಹೆಸರು ಹೇಳಿ ಬರೆದಿತ್ತೋ ಆ ಸ್ಮಿತ್‌ಸೋನಿಯನ್‌ನಲ್ಲಿ ಅದರ ದಾಖಲೆಯೇ ಇಲ್ಲ. ಸುಳ್ಳು ಸುದ್ದಿ ಕಟ್ಟುವುದರಲ್ಲಿ ನಮ್ಮ ವೃತ್ತಿಯವರು ಯಾವ ದೇಶದಲ್ಲೂ ಹಿಂದೆ ಬಿದ್ದಿಲ್ಲ! ಹೂವು-ಕಾಯಿ ಕಟ್ಟಿಕೊಂಡು ಹೋಗಬೇಡಿ ಅಂತ ಇಷ್ಟು ಹೇಳಿದ್ದು.

ನಿಜವಾಗಿ ಅಲ್ಲಿ ಬದುಕಿದ್ದವರ ಕತೆ ಮಾತ್ರ ಯಾವ ಫಾರ್ವರ್ಡ್‌ನಲ್ಲೂ ಬರುವುದಿಲ್ಲ. ಬ್ರೈಟ್ ಏಂಜೆಲ್ ಎಂಬ ಇಳಿಜಾರು ದಾರಿಯಲ್ಲಿ ಏಳು ಕಿಲೋಮೀಟರ್ ಕೆಳಗೆ ಒಂದು ನೀರಿನ ತಾಣವಿದೆ. ಬಹಳ ಕಾಲ ಅದಕ್ಕೆ 'ಇಂಡಿಯನ್ ಗಾರ್ಡನ್' ಅನ್ನುತ್ತಿದ್ದರು. ಇಂಡಿಯನ್ ಅಂದರೆ ನಾವಲ್ಲ, ಅಲ್ಲಿ ಬೆಳೆ ಬೆಳೆಯುತ್ತಿದ್ದ ಹವಸುಪೈ ಜನ. 1919ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. 1928ರಲ್ಲಿ ಅಲ್ಲಿ ಉಳಿದಿದ್ದ ಕೊನೆಯ ಹವಸುಪೈ ನಿವಾಸಿಯನ್ನೂ ಹೊರಹಾಕಿದರು. 2022ರಲ್ಲಿ ಹೆಸರು ಬದಲಿಸಿ ಹವಸುಪೈ ಗಾರ್ಡನ್ಸ್ ಮಾಡಿದ್ದಾರೆ. ನಾಗರಹೊಳೆಯ ಜೇನುಕುರುಬರನ್ನು ಬಲ್ಲವರಿಗೆ ಈ ಕತೆ ಹೊಸದೇನಲ್ಲ. ದಕ್ಷಿಣ ಅಂಚಿನ ಪೂರ್ವದ ತುದಿಯಲ್ಲಿ, ಡೆಸರ್ಟ್ ವ್ಯೂ ಎಂಬಲ್ಲಿ, 1932ರಲ್ಲಿ ಮೇರಿ ಕೋಲ್ಟರ್ ಎಂಬ ಮಹಿಳೆ ವಿನ್ಯಾಸ ಮಾಡಿದ ಕಲ್ಲಿನ ಗೋಪುರವಿದೆ. ಒಳಗಿನ ಗೋಡೆಗಳ ಮೇಲೆ ಹೋಪಿ ಬುಡಕಟ್ಟಿನ ಫ್ರೆಡ್ ಕಬೋಟಿ ಬಿಡಿಸಿದ ಚಿತ್ರಗಳಿವೆ. ಊರಿನ ಭಾಗದಿಂದ ಅದು ನಲವತ್ತು ಕಿಲೋಮೀಟರ್. ಒಂದು ದಿನದ ಟೂರಿನವರು ಅಲ್ಲಿಗೆ ಹೋಗುವುದು ಕಡಿಮೆ, ಸಮಯ ಎಲ್ಲಿದೆ?

ದೇಹದ ವಿಷಯಕ್ಕೆ ಬರೋಣ. ಇದನ್ನು ಮಕ್ಕಳೂ ಓದಲಿ. ಗ್ರ್ಯಾಂಡ್ ಕ್ಯಾನ್ಯನ್ 'ಕಣಿವೆ' ಅಂದಮಾತ್ರಕ್ಕೆ ತಗ್ಗಿನಲ್ಲಿದೆ ಅಂದುಕೊಳ್ಳಬೇಡಿ. ದಕ್ಷಿಣ ಅಂಚು ಸಮುದ್ರ ಮಟ್ಟದಿಂದ ಸುಮಾರು 2,100 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್. ಕರ್ನಾಟಕದ ಅತಿ ಎತ್ತರದ ಶಿಖರಕ್ಕಿಂತ ಮೇಲೆ ನಿಂತು ಕೆಳಗೆ ನೋಡುತ್ತೀರಿ. ನಡೆದರೆ ಏದುಸಿರು ಬರಬಹುದು. ಸಂಜೆಯಾದರೆ ಬೇಸಿಗೆಯಲ್ಲೂ ಚಳಿ, ಚಳಿಗಾಲದಲ್ಲಿ ಹಿಮ. ಹೃದಯದ, ಉಸಿರಾಟದ ತೊಂದರೆ ಇದ್ದವರು ಇಲ್ಲಿನ ಡಾಕ್ಟರನ್ನು ಕೇಳಿಯೇ ಹೋಗಬೇಕು. ದೊಡ್ಡ ಆಸ್ಪತ್ರೆ ಇರುವುದು ಫ್ಲ್ಯಾಗ್‌ಸ್ಟಾಫ್‌ನಲ್ಲಿ, ಸುಮಾರು 130 ಕಿಲೋಮೀಟರ್ ದೂರ. ಮಾತ್ರೆ ಡಬ್ಬಿ ಹೋಟೆಲ್ ರೂಮಿನಲ್ಲಿ ಬಿಡಬೇಡಿ, ಕೈಚೀಲದಲ್ಲಿರಲಿ.

ಕೆಳಗೆ ಇಳಿಯುವ ಆಸೆ ಬರುತ್ತದೆ. ನಮ್ಮ ಬೆಟ್ಟಗಳಲ್ಲಿ ಮೈಯಲ್ಲಿ ಶಕ್ತಿ ಇರುವಾಗ ಹತ್ತುತ್ತೇವೆ, ಸುಸ್ತಾದಾಗ ಇಳಿಯುತ್ತೇವೆ. ಅಲ್ಲಿ ತಿರುಗಾಮುರುಗ. ತಂಪು ಹೊತ್ತಿನಲ್ಲಿ ಸಲೀಸಾಗಿ ಇಳಿದಿರುತ್ತೀರಿ, ಬಿಸಿಲೇರಿದ ಮೇಲೆ ಹತ್ತಬೇಕು. ಇಳಿದ ಹೊತ್ತಿನ ಎರಡರಷ್ಟು ಹೊತ್ತು ಹತ್ತಲು ಇಟ್ಟುಕೊಳ್ಳಿ ಎಂದು ಉದ್ಯಾನದವರೇ ಹೇಳುತ್ತಾರೆ. ಬೇಸಿಗೆಯಲ್ಲಿ ಕಮರಿಯ ಒಳಗೆ 40 ಡಿಗ್ರಿ ದಾಟುತ್ತದೆ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಇಳಿಜಾರಿನಲ್ಲಿ ಇರಲೇಬೇಡಿ, ನದಿಗೆ ಹೋಗಿ ಒಂದೇ ದಿನದಲ್ಲಿ ವಾಪಸ್ ಬರುವ ಸಾಹಸ ಬೇಡ ಎಂದೂ ಎಚ್ಚರಿಸುತ್ತಾರೆ. ಕೇಳದೆ ಹೋಗಿ ಸತ್ತವರಿದ್ದಾರೆ, ಗಟ್ಟಿಮುಟ್ಟಾದ ಯುವಕರೂ ಸೇರಿ. "ನಮ್ಮಪ್ಪ ಗದ್ದೆ ಕೆಲಸ ಮಾಡಿದೋರು, ಫಿಟ್ ಇದಾರೆ" ಅಂತ ಚಪ್ಪಲಿಯಲ್ಲೇ ಇಳಿಸುವ ಮಗನನ್ನು ನಾವು ಜವಾಬ್ದಾರಿ ಇರುವವನು ಅನ್ನುವುದಿಲ್ಲ. ಅಂಚಿನಲ್ಲಿ ಬಹುತೇಕ ಕಡೆ ಕಂಬಿ-ಬೇಲಿ ಇಲ್ಲ. ಇನ್ನೊಂಚೂರು ಹಿಂದೆ ಹೋಗಮ್ಮಾ ಅಂತ ಫೋಟೋಗೆ ನಿಲ್ಲಿಸಬೇಡಿ. ಬುತ್ತಿ ಬಿಚ್ಚಿದಾಗ ಬರುವ ಅಳಿಲು ನೋಡಲು ಮುದ್ದು, ಕಚ್ಚುತ್ತದೆ. ಅದಕ್ಕೆ ತಿನ್ನಿಸುವುದು ಕಾನೂನಿಗೂ ವಿರುದ್ಧ.

ಇಳಿಯದೆಯೂ ನೋಡಲು ಬೇಕಾದಷ್ಟಿದೆ. ಒಳಗೆ ಷಟಲ್ ಬಸ್ಸುಗಳು ಉಚಿತ, ಗಾಲಿಕುರ್ಚಿಯೂ ಹತ್ತುತ್ತದೆ. ಹರ್ಮಿಟ್ ರಸ್ತೆಯಲ್ಲಿ ಮಾರ್ಚ್‌ನಿಂದ ನವೆಂಬರ್‌ವರೆಗೆ ಖಾಸಗಿ ಕಾರು ಬಿಡುವುದಿಲ್ಲ, ಬಸ್ಸೇ ಗತಿ, ಒಂದೊಂದು ನೋಟದ ಜಾಗದಲ್ಲೂ ಇಳಿದು ಹತ್ತಬಹುದು. ನಡೆಯಲು ತೀರಾ ಆಗದವರಿದ್ದರೆ ಅಲ್ಲೇ ಉಚಿತ ಪರವಾನಗಿ ಪಡೆದು ಸ್ವಂತ ಕಾರಲ್ಲೂ ಹೋಗಬಹುದು. ಇದು ಎಷ್ಟೋ ಮಕ್ಕಳಿಗೆ ಗೊತ್ತೇ ಇಲ್ಲ.

ರಜೆ ಸಿಗುವುದಿಲ್ಲ ಅನ್ನುವುದನ್ನು ನಾವು ಒಪ್ಪುತ್ತೇವೆ. ಹಾಗಾದರೆ ವೇಗಾಸ್ ಬಿಡಿ. ಅಮ್ಮನಿಗೆ ಜೂಜಿನ ಮನೆಗಳ ದೀಪ ನೋಡಿ ಆಗಬೇಕಾದ್ದೇನು? ಫೀನಿಕ್ಸ್‌ಗೆ ಇಳಿದರೆ ಮೂರೂವರೆ ಗಂಟೆ ದಾರಿ. ಮಧ್ಯಾಹ್ನ ತಲುಪಿ, ಸಂಜೆ ಸೂರ್ಯ ಮುಳುಗುವಾಗ ಕಲ್ಲಿನ ಬಣ್ಣ ಬದಲಾಗುವುದನ್ನು ಕೂತು ನೋಡಲಿ. ರಾತ್ರಿ ನಕ್ಷತ್ರ. ದೀಪದ ಬೆಳಕು ಕಡಿಮೆ ಇರುವ ಉದ್ಯಾನವೆಂದು 2019ರಲ್ಲಿ ಮಾನ್ಯತೆ ಪಡೆದ ಜಾಗ ಅದು. ಬೆಳಗ್ಗೆ ಮೇದರ್ ಪಾಯಿಂಟ್‌ನಲ್ಲಿ ಸೂರ್ಯೋದಯ, ಬಿಸಿಲೇರುವ ಮೊದಲು ಕಲ್ಲಿನ ದಾರಿ, ಆಮೇಲೆ ಬಸ್ಸು, ಹೊರಡುವಾಗ ಡೆಸರ್ಟ್ ವ್ಯೂ. ಇಷ್ಟಕ್ಕೆ ಒಂದೂವರೆ ದಿನ ಸಾಕು. ಅದಕ್ಕೆ ಒಂದು ರಾತ್ರಿಯಾದರೂ ಅಂಚಿನ ಹತ್ತಿರ ತಂಗಲೇಬೇಕು.

ತೊಡಕು ಇರುವುದು ಇಲ್ಲೇ. ಉದ್ಯಾನದ ಒಳಗಿನ ವಸತಿಗೃಹಗಳು ತಿಂಗಳುಗಟ್ಟಲೆ ಮೊದಲೇ ತುಂಬಿಹೋಗುತ್ತವೆ. ಸಿಗದಿದ್ದರೆ ಬಾಗಿಲಲ್ಲೇ ಇರುವ ಟುಸಾಯನ್ ಊರು, ಅದೂ ಇಲ್ಲದಿದ್ದರೆ ವಿಲಿಯಮ್ಸ್. 2024ರ ಆಗಸ್ಟ್ ಕೊನೆಯಲ್ಲಿ ನೀರಿನ ಕೊಳವೆ ಒಡೆದು ದಕ್ಷಿಣ ಅಂಚಿನಲ್ಲಿ ರಾತ್ರಿ ತಂಗುವುದನ್ನೇ ಕೆಲದಿನ ನಿಲ್ಲಿಸಿದ್ದರು. ಹಾಗಾಗಿ ಹೊರಡುವ ಹಿಂದಿನ ದಿನ ಇನ್ನೊಮ್ಮೆ ವೆಬ್‌ಸೈಟ್ ನೋಡಲಿ. ನಿಮ್ಮ ವೀಸಾ ಕೈಗೆ ಬಂದ ವಾರವೇ ಮಗನಿಗೋ ಮಗಳಿಗೋ ವಿಡಿಯೋ ಕಾಲ್ ಮಾಡಿ, ಸೌತ್ ರಿಮ್‌ನಲ್ಲಿ ರೂಮ್ ಹುಡುಕಲು ಹೇಳಿ. ನೆಲಮಹಡಿಯಲ್ಲೇ ಕೇಳಲಿ. ಸ್ವೆಟರ್, ಮಂಕಿ ಕ್ಯಾಪ್ ಮಾತ್ರ ಇಲ್ಲಿಂದಲೇ ಒಯ್ಯಿರಿ.